ಮೊಗ ಹೊರಗೆ

ಆರಡಿಗೆ ನಾಲ್ಕಡಿ. ಗೋಡೆಗೆ ಬಣ್ಣ ಬಳಿಯುವವರು
ನೆಲಕ್ಕೆ ಹಾಸುವ ಒರಟು ಕ್ಯಾನ್ವಾಸು.
ಕರ್ಕಾಡಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಹನ್ನೊಂದು ಪೌಂಡು.
ಲಾರ್ನ್ ಬೆವರಿಜ್ ಅದನ್ನು ಗ್ಯಾರೇಜಿನ ಹಲಗೆಗೆ ಬಿಗಿದ,
ಮೂಲೆಯಿಂದ ಮೂಲೆಗೆ ಎಳೆದೆಳೆದು,
ತೊಗಲು ಹದ ಮಾಡುವವನ ಹಾಗೆ.

ಮರಳು ನನ್ನ ಪಾಲಿನ ಕೆಲಸ.
ಕಡಲ ದಂಡೆಯಿಂದ ಒಂದು ಬಕೆಟ್ಟು ಹೊತ್ತು ತಂದೆ.
ಉಪ್ಪಿದ್ದರೆ ಬಣ್ಣ ಎದ್ದು ಬರುತ್ತದೆ ಅಂದ.
ಮೂರು ನೀರು ತೊಳೆದೆ,
ಹೆಂಡತಿಯ ಹಿಟ್ಟಿನ ಜರಡಿಯಲ್ಲಿ ಜಾಲಿಸಿದೆ.
(ಅವಳಿಗಿನ್ನೂ ಹೇಳಿಲ್ಲ.)

ಕಿಟಕಿಯ ಸಂದಿಗೆ ತುಂಬುವ ಸೀಲಂಟು ನಾಲ್ಕು ಕೊಳವೆ,
ಕಂದು ಬಣ್ಣ ಅರ್ಧ ಡಬ್ಬ, ಮರಳು ಎರಡು ಲೋಟ:
ಗಂಜಿಗಿಂತ ಗಟ್ಟಿ, ಗಾರೆಗಿಂತ ತೆಳು.
"ಬರೀ ಬಣ್ಣವಾದರೆ ಮಡಿಸಿದಲ್ಲಿ ಬಿರಿಯುತ್ತೆ.
ಆಟ ಮುಗಿದ ಮೇಲೆ ನೆಲವನ್ನು ಸುತ್ತಿ ಎತ್ತಿಡಬೇಕಲ್ಲ."
ನಲವತ್ತು ವರ್ಷ ಕೌನ್ಸಿಲ್ಲಿನ ರಸ್ತೆ ಇಲಾಖೆಯಲ್ಲಿದ್ದವನು;
ಗುಂಡಿ ಮುಚ್ಚುವುದು ಅವನ ಕೈಗೇ ಗೊತ್ತು.

ಹಸಿ ಇರುವಾಗಲೇ ಹಲ್ಲು ಮುರಿದ ಬಾಚಣಿಗೆಯಿಂದ ಹೊಲ ಉತ್ತ.
ಆಟಿಕೆ ಬಂಡಿಯ ಗಾಲಿ ಉರುಳಿಸಿ ದಾರಿ ಮಾಡಿದ.
ಹೊಳೆ ಮಾತ್ರ ಬೇಡವೇ ಬೇಡ:
ಬಳಿದ ಹೊಳೆ ಒಂದೇ ಕಡೆ ಹರಿಯುತ್ತದೆ,
ನಾಳೆಯ ಕಾಳಗಕ್ಕೆ ಅದು ಬೇರೆಲ್ಲೋ ಬೇಕಾದೀತು.
ನಮ್ಮ ಹೊಳೆಗಳೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿವೆ,
ಗೇಣುದ್ದದ ತುಂಡುಗಳಾಗಿ, ಸೇತುವೆಗಳ ಜೊತೆ.

ಒಣಗಲು ಎರಡು ದಿನ.
ಕರ್ಕಾಡಿಯ ಮಾರ್ಚಿನಲ್ಲಿ ನಾಲ್ಕು.

ಆಮೇಲೆ ಒಣ ಬ್ರಷ್ಷು. ಬಣ್ಣದಲ್ಲಿ ಅದ್ದಿ,
ಮುಕ್ಕಾಲು ಪಾಲು ಹಳೆ ಪತ್ರಿಕೆಗೆ ಒರೆಸಿ,
ಉಳಿದ ಇಷ್ಟೇ ಇಷ್ಟನ್ನು ಸವರಿದರೆ
ಮರಳಿನ ನೆತ್ತಿಗೆ ಮಾತ್ರ ಬೆಳಗಾಗುತ್ತದೆ,
ತಗ್ಗಿನಲ್ಲಿ ಇನ್ನೂ ರಾತ್ರಿ.
ನೋಡುತ್ತ ನಿಂತ ನನ್ನ ಚಹಾ ಆರಿಹೋಯಿತು.

ಕೋಲೂರಿಕೊಂಡು ಅವನ ತಾಯಿ ಐಸೋಬೆಲ್ ಬಂದಳು. ತೊಂಬತ್ತೊಂದು.
ಇಡೀ ಊರು ಅಗಸೆ ಎಣ್ಣೆ ನಾರುತ್ತಿದ್ದ ಕಾಲದಲ್ಲಿ
ಹದಿನೈದಕ್ಕೇ ಲಿನೋಲಿಯಂ ಕಾರ್ಖಾನೆ ಸೇರಿ
ಹಾಸುಗಳ ಅಂಚು ತಡವಿ ದೋಷ ಹಿಡಿದವಳು.
ಸಾಲಾಗಿ ನಿಂತ ಸಿಪಾಯಿಗಳನ್ನು ನೋಡಲಿಲ್ಲ,
ಫಿರಂಗಿಗಳನ್ನಂತೂ ಇಲ್ಲವೇ ಇಲ್ಲ.
ಹೆಬ್ಬೆರಳು ಒಂದು ಅಂಚಿನ ಮೇಲೆ ಓಡಿತು.
"ಮೊಗ ಹೊರಗೆ ಮಾಡಿ ಸುತ್ತು. ಒಳಗಾದರೆ ನೆರಿಗೆ ಬೀಳುತ್ತೆ."
ಬಾಗಿಲವರೆಗೆ ಹೋಗಿ ನಿಂತಳು:
"ಇಲ್ಲಿ ದನ ಎಲ್ಲಿ ನೀರು ಕುಡಿಯುತ್ತವೆ?"

ದನ ಇಲ್ಲಮ್ಮ ಅಂದ.

"ಬೇಲಿ ಇದೆ. ಹುಲ್ಲಿದೆ. ದನ ಇಲ್ಲವಂತೆ."

ಮಾರನೆಯ ದಿನ ನಾನು ಹೋಗುವಷ್ಟರಲ್ಲಿ
ಎಲ್ಲ ಕಡೆ ಅಂಟು ಚಿಮುಕಿಸಿ, ಚಹಾ ಸೋಸುವ ಜಾಲರಿಯಿಂದ
ಹಸಿರು ಹೊಟ್ಟು ಉದುರಿಸಿಯಾಗಿತ್ತು.
ಬೇಲಿಯ ಮೂಲೆಯೊಂದು ಬಿಟ್ಟು.
ಅಲ್ಲಿ ಹೊಸದಾಗಿ ಮೆತ್ತಿದ ಅಂಗೈಯಗಲ ಕೆಸರು,
ಬೆಂಕಿಕಡ್ಡಿಯ ತುದಿ ಸೀಳಿ ಒತ್ತಿದ ಗೊರಸುಗಳು,
ಮೇಲೆ ಎರಡು ಹನಿ ವಾರ್ನಿಷು.
ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಶನಿವಾರ ಮೊದಲ ಕಾಳಗ.
ನನ್ನ ಕುದುರೆ ದಂಡಿಗೆ ಹನ್ನೆರಡು ಅಂಗುಲ ನಡೆ.
ಪಟ್ಟಿ ಹಿಡಿದರೆ ನೇರ ಅದೇ ಕೆಸರಿನ ಮೇಲೆ.
ಪುಸ್ತಕ ತೆಗೆದೆ. ಜೌಗಿಗೆ ಅರ್ಧ ವೇಗ,
ಹೊಳೆಗೆ ಒಂದು ಸರದಿ ನಷ್ಟ,
ದನ ನೀರು ಕುಡಿಯುವ ಜಾಗಕ್ಕೆ ನಿಯಮವೇ ಇಲ್ಲ.
"ಇದಕ್ಕೇನು ಲೆಕ್ಕ?"
ಲಾರ್ನ್ ಕನ್ನಡಕ ತೆಗೆದು ಒರೆಸಿದ, ಬಹಳ ಹೊತ್ತು.
"ಸುತ್ತಿಕೊಂಡು ಹೋಗು."

ಸುತ್ತಿಕೊಂಡೇ ಹೋದೆ. ನಾಲ್ಕಂಗುಲ ಕಮ್ಮಿ ಬಿತ್ತು.
ಅವನ ಫಿರಂಗಿಗೆ ಅಷ್ಟು ಸಾಕಾಯಿತು.

ಈಗ ಆ ನೆಲ ಫ್ರೀಜರಿನ ಹಿಂದೆ ನೆಟ್ಟಗೆ ನಿಂತಿದೆ,
ಮೊಗ ಹೊರಗೆ, ಎರಡು ಕಡೆ ಹಳೆಯ ಟೈ ಕಟ್ಟಿಸಿಕೊಂಡು.
ಸೋಮವಾರ ಅಂಚೆ ಕಚೇರಿಯ ಸಾಲಿನಲ್ಲಿ
ಮುಂದಿದ್ದ ಹೆಂಗಸು ತಿರುಗಿ ನನ್ನ ತೋಳು ನೋಡಿದಳು.
"ಹುಲ್ಲು ಕತ್ತರಿಸಿ ಬಂದಿರಾ, ಈ ಚಳಿಯಲ್ಲಿ?"

ಹೌದು ಅಂದೆ.